ಭಾನುವಾರದ ಡ್ಯೂಟಿ ಗುರುವಾರವೇ ಶುರುವಾಗುತ್ತದೆ

ಒಪಿಡಿ ಅಂದರೆ ಆರಾಮ, ನೈಟ್ ಡ್ಯೂಟಿ ಇಲ್ಲ, ಭಾನುವಾರ ರಜೆ. ವಾರ್ಡಿನಲ್ಲಿರುವ ಸಿಸ್ಟರ್‌ಗಳು ಹೀಗೆ ಅಂದುಕೊಂಡೇ ಹೊರರೋಗಿ ವಿಭಾಗಕ್ಕೆ ಹಾಕಿ ಅಂತ ಕೇಳುತ್ತಾರೆ. ನಾನೂ ಹಾಗೇ ಕೇಳಿಕೊಂಡು ಬಂದವಳು. ನೈಟ್ ಇಲ್ಲ ಅನ್ನುವುದು ನಿಜ. ಉಳಿದದ್ದು ಅಷ್ಟು ಸುಲಭವಿಲ್ಲ. ಈಗ ಹಲವು ವರ್ಷಗಳಿಂದ ಇಲ್ಲಿ ಡ್ಯೂಟಿ ಚಾರ್ಟ್ ಬರೆಯುವ ಕೆಲಸ ನನ್ನದು. ವಾರದ ಏಳು ದಿನಗಳಲ್ಲಿ ನನಗೆ ಜಾಸ್ತಿ ಯೋಚನೆ ಹಚ್ಚುವ ದಿನ ಗುರುವಾರ.

ಯಾಕೆ ಅಂತ ಹೇಳುತ್ತೇನೆ. ಒಂದು ಗುರುವಾರ ಮಧ್ಯಾಹ್ನ ನಾಯಿ ಕಚ್ಚಿದ ಹುಡುಗನನ್ನು ಅವನ ಅಪ್ಪ ಕರೆದುಕೊಂಡು ಬಂದರು. ಮೀನಖಂಡದ ಮೇಲೆ ಎರಡು ಹಲ್ಲಿನ ಗುರುತು. ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದೆವು. ಲಸಿಕೆಯ ಮೊದಲ ಡೋಸ್ ಕೊಟ್ಟು ಚೀಟಿಯಲ್ಲಿ ಮುಂದಿನ ದಿನಗಳನ್ನು ಬರೆದುಕೊಟ್ಟೆ. ರೇಬಿಸ್ ಲಸಿಕೆಯಲ್ಲಿ ಮೊದಲ ದಿನವನ್ನು ಸೊನ್ನೆ ಅಂತ ಎಣಿಸುತ್ತೇವೆ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಆಮೇಲಿನ ಡೋಸ್‌ಗಳು 3ನೇ ದಿನ, 7ನೇ ದಿನ, ಹೀಗೆ ಮುಂದಕ್ಕೆ ಹೋಗುತ್ತವೆ. ಅಪ್ಪ ಚೀಟಿ ನೋಡಿ ಬೆರಳು ಮಡಚಿ ಎಣಿಸಿದರು. "ಭಾನುವಾರ ಬೀಳುತ್ತಲ್ಲ ಸಿಸ್ಟರ್, ಅವತ್ತು ಬಾಗಿಲು ತೆಗೆದಿರ್ತೀರಾ?" ಅಂತ ಕೇಳಿದರು. ಅವತ್ತು ನಾವು ತೆಗೆಯುತ್ತಿರಲಿಲ್ಲ. ಬೇರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಅಂತ ಕಾಗದ ಬರೆದುಕೊಟ್ಟೆ. ಅವರು ಹೋದ ಮೇಲೆ ಆ ತಿಂಗಳ ಚಾರ್ಟ್ ತೆಗೆದು ನೋಡಿದೆ. ಯಾವ ಸಿಸ್ಟರ್ ಯಾವ ವಾರ ಅಂತ ಮಾತ್ರ ಅದರಲ್ಲಿತ್ತು. ಯಾವ ರೋಗಿಗೆ ಯಾವ ದಿನ ನಾವು ಬೇಕು ಅನ್ನುವುದು ಎಲ್ಲೂ ಇರಲಿಲ್ಲ.

ಕ್ಲಿನಿಕ್‌ನ ವಾರದ ಕೊನೆಯ ಕೆಲಸವನ್ನು ಆವತ್ತಿನಿಂದ ನಾನು ಎರಡು ಗುಂಪು ಮಾಡಿ ನೋಡುತ್ತೇನೆ. ಒಂದು, ದಿನವನ್ನು ನಾವೇ ಆರಿಸಬಹುದಾದ ಕೆಲಸ. ಇನ್ನೊಂದು, ದಿನ ನಮ್ಮ ಕೈಯಲ್ಲಿಲ್ಲದ ಕೆಲಸ. ನಾಯಿ ಕಡಿತ ಎರಡನೇ ಗುಂಪಿನದು. ಸೋಮವಾರ ಬನ್ನಿ ಅಂತ ಮೊದಲ ಡೋಸನ್ನು ಮುಂದೆ ಹಾಕುವ ಹಾಗಿಲ್ಲ. ದಿನಾ ಬದಲಿಸಬೇಕಾದ ಡ್ರೆಸ್ಸಿಂಗ್, ಐದು ದಿನ ಬಿಡದೆ ಕೊಡಬೇಕಾದ ಆ್ಯಂಟಿಬಯಾಟಿಕ್ ಇಂಜೆಕ್ಷನ್, ಇವೂ ಅಷ್ಟೇ. ಡಯಾಲಿಸಿಸ್ ಕೇಂದ್ರದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆದರೆ ಅರ್ಧ ಜನ ಮಂಗಳವಾರ, ಗುರುವಾರ, ಶನಿವಾರ ಬರಲೇಬೇಕು. ಹಾಗಾಗಿ ಅಲ್ಲಿ ಶನಿವಾರ ಅಂದರೆ ಪೂರ್ತಿ ಕೆಲಸದ ದಿನ.

ಮೊದಲ ಗುಂಪಿನಲ್ಲಿ ಮಾತ್ರ ನಮ್ಮ ಜಾಣತನಕ್ಕೆ ಜಾಗ ಇದೆ. ಕ್ಷಯ ರೋಗ ಪತ್ತೆಗೆ ಮುಂಗೈ ಚರ್ಮದೊಳಗೆ ಕೊಡುವ ಟ್ಯೂಬರ್ಕ್ಯುಲಿನ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಚುಚ್ಚಿದ 48ರಿಂದ 72 ಗಂಟೆಯೊಳಗೆ ನರ್ಸ್ ಬೆರಳಿನಿಂದ ಮುಟ್ಟಿ, ಗಟ್ಟಿಯಾದ ಜಾಗವನ್ನು ಮಿಲಿಮೀಟರ್‌ನಲ್ಲಿ ಅಳೆಯಬೇಕು. ಗುರುವಾರ ಮಧ್ಯಾಹ್ನ 3 ಗಂಟೆಗೆ ಚುಚ್ಚಿದರೆ 48 ಗಂಟೆ ತುಂಬುವುದು ಶನಿವಾರ 3ಕ್ಕೆ. ಅರ್ಧ ದಿನದ ಕ್ಲಿನಿಕ್ ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. 72 ಗಂಟೆ ಭಾನುವಾರ 3ಕ್ಕೇ ಮುಗಿಯುತ್ತದೆ. ಅದೇ ಪರೀಕ್ಷೆಯನ್ನು ಶುಕ್ರವಾರ ಮಧ್ಯಾಹ್ನ ಕೊಟ್ಟರೆ ಸೋಮವಾರ ಬೆಳಗ್ಗೆ ನಿರಾತಂಕವಾಗಿ ಓದಬಹುದು. ಗುರುವಾರ ಕೊಟ್ಟವರಿಗೆ ಭಾನುವಾರ ಒಬ್ಬ ಸಿಸ್ಟರ್ ಬರಬೇಕು, ಶುಕ್ರವಾರ ಕೊಟ್ಟವರಿಗೆ ಯಾರೂ ಬರಬೇಕಾಗಿಲ್ಲ. ಅಪಾಯಿಂಟ್‌ಮೆಂಟ್ ಬರೆಯುವವರಿಗೆ ಇದನ್ನು ಒಂದು ಸಲ ಕೂರಿಸಿ ಹೇಳಿಕೊಟ್ಟರೆ ಸಾಕು.

ಕ್ಯಾನ್ಸರ್ ಡೇ ಕೇರ್‌ನಲ್ಲಿ, ಅಂದರೆ ರೋಗಿ ಅಡ್ಮಿಟ್ ಆಗದೆ ಚಿಕಿತ್ಸೆ ತಗೊಂಡು ಅವತ್ತೇ ಮನೆಗೆ ಹೋಗುವ ವಿಭಾಗದಲ್ಲಿ, ಇದಕ್ಕಿಂತ ದೊಡ್ಡ ಲೆಕ್ಕ ಇದೆ. ಕೆಲವು ಕೀಮೋ ಔಷಧಿಗಳನ್ನು ಸಣ್ಣ ಪಂಪ್‌ಗೆ ತುಂಬಿ, ರೋಗಿಯ ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. 46 ಗಂಟೆ ಅದು ಹನಿ ಹನಿಯಾಗಿ ಹೋಗುತ್ತದೆ. ಸೋಮವಾರ ಮಧ್ಯಾಹ್ನ 12ಕ್ಕೆ ಹಾಕಿದರೆ ಬುಧವಾರ ಬೆಳಗ್ಗೆ 10ಕ್ಕೆ ಬಿಚ್ಚಬೇಕು. ಶುಕ್ರವಾರ ಹಾಕಿದರೆ ಭಾನುವಾರ ಬೆಳಗ್ಗೆ ಆ ಪಂಪ್ ಬಿಚ್ಚಲು ತರಬೇತಿ ಇರುವ ನರ್ಸ್ ಇರಲೇಬೇಕು. ಭಾನುವಾರದ ಡ್ಯೂಟಿ ಶುರುವಾಗುವುದೇ ಇಲ್ಲಿ, ವಾರದ ಮಧ್ಯೆ ಯಾರೋ ಒಂದು ತಾರೀಖು ಬರೆದಾಗ.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಕೆಲಸ ಲಸಿಕೆಯ ಫ್ರಿಜ್. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು, ರಜೆಯ ದಿನವೂ ಬಿಡುವ ಹಾಗಿಲ್ಲ. ಭಾನುವಾರ ಕ್ಲಿನಿಕ್ ಮುಚ್ಚಿದ್ದರೂ ಯಾರೋ ಒಬ್ಬರು ಹೋಗಿ ನೋಡುತ್ತಾರೆ, ಅಲ್ವಾ? ಅನೇಕ ಕಡೆ ಹತ್ತಿರದಲ್ಲಿ ಮನೆ ಇರುವ ಸಿಸ್ಟರ್ ಸುಮ್ನೆ ಹೋಗಿ ಬರುತ್ತಾರೆ. ಅದು ಯಾವ ಚಾರ್ಟಿನಲ್ಲೂ ಇರುವುದಿಲ್ಲ. ಅದೂ ಡ್ಯೂಟಿಯೇ. ಚಾರ್ಟಿನಲ್ಲಿ ಬರೆಯಿರಿ, ಅದರ ಸಮಯಕ್ಕೂ ಲೆಕ್ಕ ಕೊಡಿ.

ಇನ್ನು ಗಂಟೆಗಳ ವಿಷಯ. ಬೋರ್ಡಿನಲ್ಲಿ 9ರಿಂದ 5 ಅಂತ ಇರುತ್ತದೆ. ನರ್ಸ್ 8.30ಕ್ಕೆ ಬಂದು ಎಮರ್ಜೆನ್ಸಿ ಟ್ರಾಲಿ, ಆಕ್ಸಿಜನ್, ಫ್ರಿಜ್ ನೋಡುತ್ತಾಳೆ. ಕೊನೆಯ ರೋಗಿ 5.20ಕ್ಕೆ ಡಾಕ್ಟರ ಕೋಣೆಯಿಂದ ಹೊರಬರುತ್ತಾರೆ, ಕೈಯಲ್ಲಿ ಇಂಜೆಕ್ಷನ್ ಚೀಟಿ ಇರುತ್ತದೆ. ಅದು ಮುಗಿಸಿ, ಉಪಕರಣ ತೊಳೆದು, ಬಿಸಿ ಆವಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿ, ರಿಜಿಸ್ಟರ್ ಬರೆದು, ಲ್ಯಾಬ್ ರಿಪೋರ್ಟ್ ಬಂದವರಿಗೆ ಫೋನ್ ಮಾಡಿ ಹೊರಡುವಾಗ ಆರೂಕಾಲು. ಶನಿವಾರ ಅರ್ಧ ದಿನ ಅಂತಾರೆ. ಆದರೆ ತೆರೆಯುವ ಕೆಲಸ, ಮುಚ್ಚುವ ಕೆಲಸ ಅರ್ಧ ಆಗುವುದಿಲ್ಲ. 9ರಿಂದ 1 ಕ್ಲಿನಿಕ್ ಇದ್ದರೆ ನರ್ಸ್‌ಗೆ 2 ಗಂಟೆಯವರೆಗೂ ಕೆಲಸ ಇರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಚಾರ್ಟಿನಲ್ಲಿ ಅಷ್ಟನ್ನೂ ಹಾಕಬೇಕು. ಒಬ್ಬರನ್ನು ಬೇಗ ಕರೆಸಿ ಬೇಗ ಕಳಿಸುವುದು, ಇನ್ನೊಬ್ಬರನ್ನು ತಡವಾಗಿ ಕರೆಸಿ ಮುಚ್ಚುವ ಕೆಲಸ ಕೊಡುವುದು ಒಳ್ಳೆಯ ದಾರಿ. ನಾವು ಹಾಗೇ ಮಾಡುತ್ತೇವೆ.

ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ನಡೆಯುವ ಕ್ಲಿನಿಕ್‌ಗಳ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. 9ರಿಂದ 1, ಮತ್ತೆ 5ರಿಂದ 8. ಕಾಗದದ ಮೇಲೆ ಏಳೇ ಗಂಟೆ. ಮನುಷ್ಯರ ಲೆಕ್ಕದಲ್ಲಿ ದಿನದ ಹನ್ನೊಂದು ಗಂಟೆ ಹೋಯಿತು. ನಡುವಿನ ನಾಲ್ಕು ಗಂಟೆಯಲ್ಲಿ ಮನೆಗೆ ಹೋಗಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ನರ್ಸ್‌ಗಳಿಗಾಗಿ 149ನೇ ಒಡಂಬಡಿಕೆ, ಅದರ ಜೊತೆಗೆ 157ನೇ ಶಿಫಾರಸು ಹೊರಡಿಸಿತು. ಒಂದೇ ದಿನದ ಡ್ಯೂಟಿಯನ್ನು ಹೀಗೆ ಸಂಬಳ ಇಲ್ಲದ ಬಿಡುವಿನಿಂದ ಎರಡು ತುಂಡು ಮಾಡಬಾರದು ಅಂತ ಆ ಶಿಫಾರಸಿನಲ್ಲಿದೆ. ಒಂದು ಶಿಫ್ಟಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 12 ಗಂಟೆ ಬಿಡುವು ಇರಬೇಕು ಅಂತಲೂ ಇದೆ. ಸಂಜೆ ಕ್ಲಿನಿಕ್ ಮುಚ್ಚಿ 9ಕ್ಕೆ ಹೊರಟವಳನ್ನು ಮರುದಿನ 8ಕ್ಕೆ ಕರೆದರೆ ಅದು ಹನ್ನೊಂದೇ ಗಂಟೆ.

ವಾರದ ರಜೆಗೂ ಆ ಶಿಫಾರಸಿನಲ್ಲಿ ಅಳತೆ ಇದೆ. ಒಟ್ಟಿಗೆ 48 ಗಂಟೆ ಸಿಗಬೇಕು, ಏನೇ ಆದರೂ 36ಕ್ಕಿಂತ ಕಡಿಮೆ ಆಗಬಾರದು. ಶನಿವಾರ 2ಕ್ಕೆ ಬಿಟ್ಟು ಸೋಮವಾರ 8ಕ್ಕೆ ಬರುವವರಿಗೆ 42 ಗಂಟೆ ಸಿಗುತ್ತದೆ. ಭಾನುವಾರ ಕೆಲಸ ಮಾಡಿ ಬುಧವಾರ ಒಂದು ದಿನ ಆಫ್ ತಗೊಂಡರೆ, ಮಂಗಳವಾರ 5.30ಕ್ಕೆ ಬಿಟ್ಟು ಗುರುವಾರ 8ಕ್ಕೆ ಬರುವ ತನಕ ಮೂವತ್ತೆಂಟೂವರೆ ಗಂಟೆ. 36ರ ಗೆರೆಯನ್ನು ದಾಟುತ್ತದೆ, ಅಷ್ಟೇ. ಮಂಗಳವಾರ ಸಂಜೆ ಅವಳನ್ನು ಮೂರು ಗಂಟೆ ಹೆಚ್ಚಿಗೆ ನಿಲ್ಲಿಸಿಕೊಂಡರೆ ಅದೂ ಇಲ್ಲ. ಅದಕ್ಕೇ ಆಫ್‌ನ ಹಿಂದಿನ ಸಂಜೆ ಯಾರನ್ನೂ ತಡ ಮಾಡಿಸಬೇಡಿ ಅಂತ ನಾನು ಪಟ್ಟು ಹಿಡಿಯುತ್ತೇನೆ.

ಈಗ ಯಾರಿಗೆ ಎಷ್ಟು ಶನಿವಾರ ಅನ್ನುವ ಮಾತು. ಎಂಟು ಜನ ನರ್ಸ್‌ಗಳಿದ್ದು ಪ್ರತಿ ಶನಿವಾರ ಇಬ್ಬರು ಬೇಕು ಅಂದರೆ ನಾಲ್ಕು ವಾರಕ್ಕೊಂದು ಸಲ ಬರುತ್ತದೆ. ವರ್ಷಕ್ಕೆ ಒಬ್ಬೊಬ್ಬರಿಗೆ ಹದಿಮೂರು. ಇಷ್ಟು ಸರಳವಾದ ಲೆಕ್ಕವೂ ತಪ್ಪುತ್ತದೆ. ತಪ್ಪಿದ್ದು ನನ್ನ ಕೈಯಿಂದಲೇ. ಒಬ್ಬರು ಹೆರಿಗೆ ರಜೆಯಲ್ಲಿದ್ದರು, ಇನ್ನೊಬ್ಬರ ಅತ್ತೆಗೆ ಹುಷಾರಿಲ್ಲ. ಖಾಲಿ ಜಾಗಕ್ಕೆಲ್ಲ ಮದುವೆಯಾಗದ ಒಬ್ಬ ಹುಡುಗಿಯ ಹೆಸರು ಬರೆಯುತ್ತಾ ಹೋದೆ. ಅವಳು ಇಲ್ಲ ಅನ್ನುವವಳಲ್ಲ. ಒಂದು ದಿನ ಚಾರ್ಟ್ ಹಿಡಿದುಕೊಂಡು ಬಂದು, "ಮೇಡಂ, ಇದು ನಂದು ನಾಲ್ಕನೇ ಶನಿವಾರ. ಮಕ್ಕಳಿಲ್ಲ ಅಂದ್ರೆ ಮನೆಯೇ ಇಲ್ಲ ಅಂತನಾ?" ಅಂದಳು. ಧ್ವನಿ ಏರಿಸಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಚಾರ್ಟಿನ ಬಲಗಡೆ ಒಂದು ಕಾಲಂ ಇದೆ. ವರ್ಷದ ಮೊದಲಿನಿಂದ ಯಾರು ಎಷ್ಟು ಶನಿವಾರ, ಎಷ್ಟು ಭಾನುವಾರ, ಎಷ್ಟು ಹಬ್ಬದ ದಿನ ಮಾಡಿದ್ದಾರೆ ಅನ್ನುವ ಅಂಕಿ ಅದರಲ್ಲಿರುತ್ತದೆ. ಎಲ್ಲರೂ ನೋಡಬಹುದು. ಅದು ಬಂದ ಮೇಲೆ ಜಗಳ ಕಡಿಮೆಯಾಯಿತು.

ಕಾಂಪ್ ಆಫ್, ಅಂದರೆ ರಜೆಯ ದಿನ ದುಡಿದದ್ದಕ್ಕೆ ಸಿಗುವ ಬದಲಿ ರಜೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಆಮೇಲೆ ತಗೋ" ಅಂದ ಆಫ್ ಎಂದೂ ಬರುವುದಿಲ್ಲ. ಭಾನುವಾರದ ಡ್ಯೂಟಿ ಬರೆಯುವಾಗಲೇ, ಅದೇ ಹಾಳೆಯಲ್ಲಿ, ಅದರ ಬದಲಿ ಆಫ್‌ನ ತಾರೀಖನ್ನೂ ಬರೆಯಿರಿ. ತಾರೀಖು ಇಲ್ಲದಿದ್ದರೆ ಡ್ಯೂಟಿಯನ್ನೂ ಬರೆಯಬೇಡಿ. ಅದಲುಬದಲು ಮಾಡಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಇಬ್ಬರೂ ಸಹಿ ಹಾಕಬೇಕು, ಒಬ್ಬರಿಗೆ ಬರುವ ಕೆಲಸ ಇನ್ನೊಬ್ಬರಿಗೂ ಬರಬೇಕು. ಪಂಪ್ ಬಿಚ್ಚಲು ಬಾರದವರು ಪಂಪ್ ಇರುವ ಭಾನುವಾರಕ್ಕೆ ಬಂದರೆ ರೋಗಿಗೆ ತೊಂದರೆ.

ಭಾನುವಾರ ಕೆಲಸ ಕಡಿಮೆ, ಒಬ್ಬರೇ ಸಾಕು ಅಂತ ಆಡಳಿತದವರು ಕೇಳುತ್ತಾರೆ. ಸಾಲುವುದಿಲ್ಲ. ಇಂಜೆಕ್ಷನ್ ಕೊಟ್ಟ ಐದು ನಿಮಿಷಕ್ಕೆ ರೋಗಿಯ ತುಟಿ ಊದಿಕೊಂಡು ಉಸಿರು ಕಟ್ಟಿದರೆ, ಒಬ್ಬರು ತೊಡೆಗೆ ಅಡ್ರಿನಲಿನ್ ಕೊಡಬೇಕು, ಇನ್ನೊಬ್ಬರು ಡಾಕ್ಟರನ್ನೂ ಆಂಬುಲೆನ್ಸನ್ನೂ ಕರೆಯಬೇಕು. ಎರಡನ್ನೂ ಒಬ್ಬರೇ ಮಾಡಲು ಹೋದರೆ ಯಾವುದೋ ಒಂದು ತಡವಾಗುತ್ತದೆ. ಹತ್ತೇ ರೋಗಿಗಳಿದ್ದರೂ ಇಬ್ಬರು ಬೇಕು. ಇಬ್ಬರನ್ನು ಕೊಡಲು ಆಗದಿದ್ದರೆ ಆ ದಿನ ಇಂಜೆಕ್ಷನ್ ಕೋಣೆ ತೆರೆಯಬಾರದು ಅನ್ನುವುದು ನನ್ನ ಅಭಿಪ್ರಾಯ.

ದಣಿವು ಬರೀ ವಾರ್ಡಿನವರ ಸಮಸ್ಯೆ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಆನ್ ರೋಜರ್ಸ್ ಮತ್ತು ಅವರ ತಂಡ 393 ಆಸ್ಪತ್ರೆ ನರ್ಸ್‌ಗಳಿಂದ ದಿನದಿನದ ಡ್ಯೂಟಿ ವಿವರ ಬರೆಸಿ 2004ರಲ್ಲಿ ಪ್ರಕಟಿಸಿತು. ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ ದಿನ ತಪ್ಪಾಗುವ ಸಂಭವ ಮೂರು ಪಟ್ಟು ಇತ್ತು. ಒಪಿಡಿಯಲ್ಲಿ ಅಷ್ಟುದ್ದದ ಶಿಫ್ಟ್ ಅಪರೂಪ. ಆದರೆ ನಾವು ಒಂದು ಬೆಳಗ್ಗೆಗೇ ಅರವತ್ತು ಜನರ ಕೈ ಹಿಡಿಯುತ್ತೇವೆ, ಅರವತ್ತು ಹೆಸರು ಕೇಳುತ್ತೇವೆ. ಒಂದೇ ಹೆಸರಿನ ಇಬ್ಬರು ಬೆಂಚಿನ ಮೇಲೆ ಕೂತಿರುವ ದಿನ, ಆರನೇ ದಿನದ ದಣಿವಿನಲ್ಲಿರುವ ಕಣ್ಣು ಚೀಟಿಯನ್ನು ಎರಡನೇ ಸಲ ಓದಬೇಕು.

ಈಗ ನಮ್ಮಲ್ಲಿ ಗುರುವಾರ ಮಧ್ಯಾಹ್ನ 3ಕ್ಕೆ ಹತ್ತು ನಿಮಿಷ ಕೂರುತ್ತೇವೆ. ಶನಿವಾರ, ಭಾನುವಾರ ಬರಲೇಬೇಕಾದ ರೋಗಿಗಳ ಹೆಸರು ಒಂದು ಹಾಳೆಯಲ್ಲಿ, ಪಕ್ಕದಲ್ಲಿ ಯಾವ ಕೆಲಸ, ಎಷ್ಟು ಹೊತ್ತಿಗೆ, ಯಾರು. ಈ ವಾರ ಏಳು ಹೆಸರಿವೆ. ನಾಲ್ಕು ಡ್ರೆಸ್ಸಿಂಗ್, ಎರಡು ಇಂಜೆಕ್ಷನ್, ಒಂದು ನಾಯಿ ಕಡಿತದ ಎರಡನೇ ಡೋಸ್. ಭಾನುವಾರ 9ರಿಂದ 11, ಇಬ್ಬರು ಸಿಸ್ಟರ್. ಒಬ್ಬರ ಆಫ್ ಮಂಗಳವಾರ, ಇನ್ನೊಬ್ಬರದು ಶುಕ್ರವಾರ, ಎರಡೂ ಬರೆದಾಗಿದೆ.