ಕಲಿಯೋಕೆ ಬೇಸರವಿಲ್ಲ, ಬರೆದಿಡೋಕೆ ಪುರುಸೊತ್ತಿಲ್ಲ

ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಕಲಿಯುತ್ತಿರಬೇಕಾ? ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಹೆಚ್ಚಿನ ಫಾರ್ಮಸಿಸ್ಟ್‌ಗಳು ಹೌದು ಎಂದೇ ಹೇಳಿದ್ದಾರೆ. ಕಲಿತದ್ದನ್ನು ತಪ್ಪದೆ ಬರೆದಿಡುವವರು ಮಾತ್ರ ಕಡಿಮೆ. ಇದು ಸೋಮಾರಿತನ ಅಂದರೆ ನಾನು ಒಪ್ಪುವುದಿಲ್ಲ. ನಿಯಮಗಳು ಬೆಳೆದು ಬಂದ ದಾರಿಯನ್ನೂ ನೋಡಬೇಕು.

ಮೊದಲು ಲೆಕ್ಕಕ್ಕೆ ಬಂದದ್ದು ಗಂಟೆಗಳು. 1960ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ಲೈಸೆನ್ಸ್ ನವೀಕರಣಕ್ಕೆ ಮುಂದುವರಿದ ಶಿಕ್ಷಣವನ್ನು ಕಡ್ಡಾಯ ಮಾಡಿತು. ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದವು. ಉಪನ್ಯಾಸಕ್ಕೆ ಹೋಗು, ಸರ್ಟಿಫಿಕೇಟ್ ತಾ, ಮುಗಿಯಿತು. ಎಣಿಸುವುದು ಸುಲಭ. ಆದರೆ ಕೂತು ಕೇಳಿದ್ದೆಲ್ಲ ಕೌಂಟರಿನಲ್ಲಿ ನೆನಪಿಗೆ ಬರಬೇಕಲ್ವಾ?

ಅಷ್ಟರಲ್ಲಿ ಕೆಲಸವೇ ಬದಲಾಗುತ್ತಿತ್ತು. ಔಷಧಿ ಕೊಟ್ಟರೆ ಸಾಲದು, ಅದರಿಂದ ರೋಗಿಗೆ ಏನಾಯಿತು ಎನ್ನುವ ಹೊಣೆಯೂ ಫಾರ್ಮಸಿಸ್ಟರದ್ದೇ ಎಂದು 1990ರಲ್ಲಿ ಅಮೆರಿಕದ ಫಾರ್ಮಸಿ ಪ್ರಾಧ್ಯಾಪಕರಾದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ವಾದಿಸಿದರು. 2002ರಲ್ಲಿ ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟ ನಿರಂತರ ವೃತ್ತಿ ವಿಕಾಸದ ಬಗ್ಗೆ ಹೇಳಿಕೆ ಹೊರಡಿಸಿತು. ನಿನಗೆ ಏನು ಗೊತ್ತಿಲ್ಲ ಎಂದು ನೀನೇ ಯೋಚಿಸು, ಯೋಜನೆ ಹಾಕು, ಕಲಿ, ಉಪಯೋಗ ಆಯ್ತಾ ಎಂದು ನೋಡು. ಇದೇ ಆ ಪದ್ಧತಿಯ ತಿರುಳು.

ಈ ಹೆಜ್ಜೆಗಳನ್ನೆಲ್ಲ ಬರೆದೂ ಇಡಬೇಕು. ತೊಡಕು ಶುರುವಾಗಿದ್ದೇ ಇಲ್ಲಿ. ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿರುವವರು ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಚೀಟಿ ಹಿಡಿದು ಬರುತ್ತಾರೆ. ಎರಡೂ ಸೇರಿದರೆ ಸ್ನಾಯುಗಳಿಗೆ ಗಂಭೀರ ಹಾನಿ ಆಗಬಹುದು. ಫಾರ್ಮಸಿಸ್ಟ್ ಪುಸ್ತಕ ತೆರೆದು ಖಚಿತ ಮಾಡಿಕೊಂಡು, ವೈದ್ಯರಿಗೆ ಫೋನ್ ಮಾಡುತ್ತಾರೆ. ಕಲಿಕೆ ಅಲ್ಲೇ ಆಗಿಹೋಯಿತು. ಅದನ್ನೇ ಯೋಚನೆ, ಯೋಜನೆ, ಕ್ರಿಯೆ, ಮೌಲ್ಯಮಾಪನ ಎಂದು ಬಿಡಿಸಿ ಬರೆಯಲು ಹೋದರೆ ಕೈ ಓಡುವುದಿಲ್ಲ. ಅಷ್ಟರಲ್ಲಿ ಮುಂದಿನ ಗಿರಾಕಿ ನಿಂತಿರುತ್ತಾರೆ. ಸಮಯವಿಲ್ಲ, ಹೇಗೆ ಬರೆಯಬೇಕೋ ತಿಳಿಯದು, ಬರೆದದ್ದನ್ನು ಯಾರೋ ತಪ್ಪು ಹುಡುಕಲು ಓದುತ್ತಾರೆ ಎಂಬ ಅಳುಕು: ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರುಗಳು ಇವೇ.

ಬ್ರಿಟನ್‌ನಲ್ಲಿ ನಿಯಮವೇ ಸ್ವಲ್ಪ ಬಗ್ಗಿತು. ಅಲ್ಲಿನ ಫಾರ್ಮಸಿಸ್ಟ್‌ಗಳ ನಿಯಂತ್ರಣ ಸಂಸ್ಥೆ, 2010ರಲ್ಲಿ ಕೆಲಸ ಶುರುಮಾಡಿದ ಜನರಲ್ ಫಾರ್ಮಸ್ಯುಟಿಕಲ್ ಕೌನ್ಸಿಲ್, ಮೊದಲು ವರ್ಷಕ್ಕೆ ಕಲಿಕೆಯ 9 ದಾಖಲೆ ಕೇಳುತ್ತಿತ್ತು. 2018ರಿಂದ ಅದು 4ಕ್ಕೆ ಇಳಿಯಿತು. ಜೊತೆಗೆ ನಂಬಿಕೆಯ ಸಹೋದ್ಯೋಗಿಯೊಬ್ಬರ ಜೊತೆ ಒಂದು ಚರ್ಚೆ, ತನ್ನ ಕೆಲಸದ ಬಗ್ಗೆ ಒಂದು ಆತ್ಮಾವಲೋಕನದ ಬರಹ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆ ಚರ್ಚೆ. ಒಂಟಿಯಾಗಿ ಕೆಲಸ ಮಾಡುವ ಫಾರ್ಮಸಿಸ್ಟ್‌ಗೆ ತನ್ನ ಸಂಶಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬರು ಸಿಗುತ್ತಾರೆ. ಇಷ್ಟಾದರೂ ಕೆಲಸದ ವೇಳೆಯಲ್ಲೇ ಇದಕ್ಕೆ ಬಿಡುವು ಸಿಗದಿದ್ದರೆ, ದಾಖಲೆ ಬರೆಯುವುದು ಮನೆಗೆ ಹೋದ ಮೇಲೇ.