ಹತ್ತಿಯ ಎಲೆ ಮುಟುರು ರೋಗ: ವೈರಸ್ ಸಿಕ್ಕರೂ ರೋಗ ಬರಲಿಲ್ಲ ಯಾಕೆ?

ಹತ್ತಿ ಗಿಡದ ಎಲೆ ಮುಟುರಿಕೊಂಡರೆ ಅದು ವೈರಸ್ಸೇ ಆಗಿರಬೇಕು ಅಂತಿಲ್ಲ. ಜಿಗಿಹುಳು ರಸ ಹೀರಿದರೂ ಎಲೆಯ ಅಂಚು ಬಾಗುತ್ತದೆ, ಹಳದಿಯಾಗಿ ಆಮೇಲೆ ಕೆಂಪಾಗುತ್ತದೆ. ಪಕ್ಕದ ಹೊಲದಲ್ಲಿ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ತೇಲಿ ಬಂದು ತಾಗಿದರೂ ಎಲೆ ವಿಕಾರವಾಗುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಎಲೆ ಮಗುಚಿ ನೋಡಬೇಕು. ನಂಜು, ಅಂದರೆ ವೈರಸ್, ತಗುಲಿದ ಎಲೆಯ ನರಗಳು ದಪ್ಪಗೆ, ಕಡು ಹಸಿರಾಗಿರುತ್ತವೆ, ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ರೋಗ ಬಲಿತಿದ್ದರೆ ಎಲೆಯ ಅಡಿಯಲ್ಲಿ, ನರದ ಮೇಲೆ, ಬಟ್ಟಲಿನಂಥ ಇನ್ನೊಂದು ಪುಟ್ಟ ಎಲೆಯೇ ಹುಟ್ಟಿಕೊಂಡಿರುತ್ತದೆ. ಜಿಗಿಹುಳು ಇದನ್ನು ಮಾಡಲಾರದು.

ಈ ರೋಗ ಮೊದಲು ದಾಖಲಾಗಿದ್ದು ಆಫ್ರಿಕಾದಲ್ಲಿ. 1912ರಲ್ಲಿ ನೈಜೀರಿಯಾ, 1924ರಲ್ಲಿ ಸುಡಾನ್. ಸುಡಾನಿನಲ್ಲಿ ಕರ್ಕ್‌ಪ್ಯಾಟ್ರಿಕ್ ಎಂಬ ವಿಜ್ಞಾನಿ 1930ರ ಹೊತ್ತಿಗೇ ಇದು ಬಿಳಿನೊಣದಿಂದ ಹರಡುತ್ತದೆ ಅಂತ ತೋರಿಸಿದ್ದರು. ನೊಣ ರೋಗದ ಗಿಡದ ರಸ ಹೀರಿದಾಗ ವೈರಸ್ ಅದರ ಮೈಯೊಳಗೆ ಹೋಗಿ, ಸುತ್ತಿ, ಎಂಜಲಿಗೆ ಬಂದು, ಮುಂದೆ ಅದು ಕೂತ ಗಿಡಕ್ಕೆಲ್ಲ ದಾಟುತ್ತದೆ. ಸಾಗಿಸುವವರು ಯಾರು ಅಂತ ಗೊತ್ತಾಯಿತು. ಆದರೆ ಸಾಗುತ್ತಿರುವುದು ಏನು ಅನ್ನುವುದು ಗೊತ್ತಾಗಲು ಇನ್ನೂ ಎಷ್ಟೋ ದಶಕ ಬೇಕಾಯಿತು.

ನಮ್ಮ ಉಪಖಂಡದ ಕಥೆ ಶುರುವಾಗುವುದು ಪಾಕಿಸ್ತಾನದ ಮುಲ್ತಾನ್ ಹತ್ತಿರ, 1967ರಲ್ಲಿ. ಆಗ ಅಲ್ಲೊಂದು ಇಲ್ಲೊಂದು ಗಿಡ ಅಷ್ಟೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1980ರ ದಶಕದ ಕೊನೆಗೆ ಎಸ್-12 ಅನ್ನೋ ತಳಿ ಜಾಸ್ತಿ ಇಳುವರಿ ಕೊಡುತ್ತದೆ ಅಂತ ಪಾಕಿಸ್ತಾನದ ಪಂಜಾಬಿನ ಹೊಲಗಳನ್ನು ತುಂಬಿತು. ಈ ರೋಗಕ್ಕೆ ಅದು ಬಹಳ ಬೇಗ ಬಲಿಯಾಗುವ ತಳಿ. 1991-92ರಲ್ಲಿ ಪಾಕಿಸ್ತಾನ ಸುಮಾರು 128 ಲಕ್ಷ ಬೇಲ್ ಹತ್ತಿ ಬೆಳೆದಿತ್ತು. ಎರಡೇ ವರ್ಷದಲ್ಲಿ ಅದು 80 ಲಕ್ಷಕ್ಕೆ ಕುಸಿಯಿತು. ನೊಣಕ್ಕೆ ಗಡಿ ಗೊತ್ತಿಲ್ಲ. 1993ರಲ್ಲಿ ರಾಜಸ್ಥಾನದ ಶ್ರೀಗಂಗಾನಗರದಲ್ಲಿ ರೋಗ ಕಾಣಿಸಿತು, ಮುಂದಿನ ವರ್ಷ ನಮ್ಮ ಪಂಜಾಬಿನಲ್ಲಿ.

ಅಷ್ಟರಲ್ಲಿ ಪ್ರಯೋಗಾಲಯದವರು ರೋಗದ ಗಿಡಗಳಲ್ಲಿ ಜೆಮಿನಿ ವೈರಸ್ ಗುರುತಿಸಿದ್ದರು. ಎರಡು ಕಣ ಅಂಟಿಕೊಂಡ ಅವಳಿ ಆಕಾರ, ಒಳಗೆ ಉಂಗುರದಂತೆ ಸುತ್ತಿದ ಒಂದೇ ಎಳೆಯ ಡಿಎನ್‌ಎ, ಉದ್ದ ಸುಮಾರು 2,700 ಅಕ್ಷರ (ಡಿಎನ್‌ಎಯ ಒಂದೊಂದು ಘಟಕವನ್ನು ಅಕ್ಷರ ಅಂತ ಎಣಿಸುತ್ತಾರೆ) ಮಾತ್ರ. ಮುಗೀತು, ಸಿಕ್ಕಿತು ಅಲ್ವಾ ಅನ್ನಿಸುತ್ತದೆ. ಸಿಕ್ಕಿರಲಿಲ್ಲ. ರೋಗದ ಗಿಡದಲ್ಲಿ ಒಂದು ವೈರಸ್ ಇದೆ ಅಂದಮಾತ್ರಕ್ಕೆ ಅದೇ ಕಾರಣ ಅಂತಾಗುವುದಿಲ್ಲ. ಅದನ್ನು ಬೇರೆ ಮಾಡಿ, ಆರೋಗ್ಯವಾಗಿರುವ ಗಿಡಕ್ಕೆ ಕೊಟ್ಟು, ಅದೇ ರೋಗ ಬರಿಸಬೇಕು. ಈ ವೈರಸ್ ಎಲೆಗೆ ರಸ ಉಜ್ಜಿದರೆ ಹತ್ತುವುದಿಲ್ಲ, ಹಾಗಾಗಿ ಅಗ್ರೋಬ್ಯಾಕ್ಟೀರಿಯಂ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದೊಳಗೆ ವೈರಸ್ಸಿನ ಡಿಎನ್‌ಎ ತುಂಬಿ ಗಿಡಕ್ಕೆ ಚುಚ್ಚಿದರು. ವೈರಸ್ ಗಿಡದೊಳಗೆ ಸೇರಿತು. ಆದರೆ ನರ ದಪ್ಪವಾಗಲಿಲ್ಲ, ಎಲೆಯಡಿ ಪುಟ್ಟ ಎಲೆ ಹುಟ್ಟಲಿಲ್ಲ.

ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಈ ಘಟ್ಟ. ವೈರಸ್ ಸಿಕ್ಕಿದೆಯಲ್ಲ ಅಂತ ಅಲ್ಲಿಗೇ ಸುಮ್ನೆ ಬಿಟ್ಟಿದ್ದರೆ ನಿಜವಾದ ಕಾರಣ ಕೈತಪ್ಪುತ್ತಿತ್ತು. ಫೈಸಲಾಬಾದಿನ ಶಾಹಿದ್ ಮನ್ಸೂರ್, ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ರಾಬ್ ಬ್ರಿಡನ್ ಮತ್ತು ಜೊತೆಗಾರರು ಬಿಡದೆ ಹುಡುಕಿದರು. 1999ರಲ್ಲಿ ವೈರಸ್ಸಿನ ಜೊತೆ ಓಡಾಡುವ ಇನ್ನೊಂದು ಸಣ್ಣ ಡಿಎನ್‌ಎ ಸಿಕ್ಕಿತು. ಅದನ್ನು ಸೇರಿಸಿದರೂ ರೋಗ ಬರಲಿಲ್ಲ. 2001ರಲ್ಲಿ ಮತ್ತೊಂದು, ಸುಮಾರು 1,350 ಅಕ್ಷರದ್ದು, ವೈರಸ್ಸಿನ ಅರ್ಧ ಗಾತ್ರ. ಇದನ್ನು ವೈರಸ್ಸಿನ ಜೊತೆ ಹತ್ತಿಗೆ ಕೊಟ್ಟಾಗ ಹೊಲದಲ್ಲಿ ಕಾಣುವ ಅದೇ ರೋಗ ಬಂತು. ಈಗ ಅದನ್ನು ಬೀಟಾಸ್ಯಾಟಲೈಟ್ ಅನ್ನುತ್ತಾರೆ. ಅದು ತಾನಾಗಿ ಮರಿ ಹಾಕಲಾರದು, ಅದಕ್ಕೆ ವೈರಸ್ ಬೇಕು. ಗಿಡದ ರಕ್ಷಣೆಯನ್ನು ಮುರಿದು ರೋಗಲಕ್ಷಣ ತರಲು ವೈರಸ್ಸಿಗೆ ಅದು ತಯಾರಿಸುವ ಒಂದೇ ಒಂದು ಪ್ರೋಟೀನ್ ಬೇಕು.

ಅಷ್ಟರೊಳಗೆ ತಳಿ ತಜ್ಞರು ರೋಗ ತಡೆಯುವ ಹತ್ತಿ ತಂದಿದ್ದರು. ಆ ಶಕ್ತಿ ಬಂದ ಮೂಲಗಳಲ್ಲಿ ಒಂದು ಕೊಯಮತ್ತೂರಿನ ಎಲ್‌ಆರ್‌ಎ-5166. ಅದರ ವಂಶದಲ್ಲಿ ನಮ್ಮ ಗದಗ-ಧಾರವಾಡ ಸೀಮೆಯಲ್ಲಿ ಹೆಸರಾಗಿದ್ದ ಲಕ್ಷ್ಮಿ ಹತ್ತಿ ಇದೆ. 1990ರ ದಶಕದ ಕೊನೆಗೆ ಪಾಕಿಸ್ತಾನದ ರೈತರು ಉಸಿರಾಡಿದರು. ಅದು ಹೆಚ್ಚು ದಿನ ಉಳಿಯಲಿಲ್ಲ. 2001ರ ಆಸುಪಾಸಿನಲ್ಲಿ ಬುರೇವಾಲಾ ಎಂಬ ಊರಿನ ಸುತ್ತ ರೋಗನಿರೋಧಕ ತಳಿಗಳೇ ಮುಟುರತೊಡಗಿದವು. ಈ ರೋಗ ತರುವ ವೈರಸ್ಸುಗಳಲ್ಲಿ ಮುಲ್ತಾನ್, ಕೊಖ್ರಾನ್ ಅಂತ ಎರಡು ಬಗೆ; ಮುಲ್ತಾನ್ ವೈರಸ್ಸಿನ ಒಂದು ತುಂಡು, ಕೊಖ್ರಾನ್ ವೈರಸ್ಸಿನ ಇನ್ನೊಂದು ತುಂಡು ಸೇರಿ ಹೊಸದೊಂದು ತಯಾರಾಗಿತ್ತು. ಒಂದೇ ಗಿಡದಲ್ಲಿ ಎರಡು ವೈರಸ್ ಕೂಡಿದರೆ ಹೀಗೆ ಬೆರೆಯುವುದು ಇವುಗಳ ಗುಣ. ಇಷ್ಟು ಆದ ಮೇಲೂ ಒಂದೇ ಮೂಲದ ನಿರೋಧಕ ಶಕ್ತಿ ನಂಬಿ ಲಕ್ಷಾಂತರ ಎಕರೆಗೆ ಬಿತ್ತುವುದು ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ನಮ್ಮ ಜಯಧರದಂಥ ನಾಟಿ ಹತ್ತಿಗೆ ಈ ರೋಗ ತಾಗುವುದಿಲ್ಲ. ಆದರೆ ಅದರ ವರ್ಣತಂತುಗಳು 26, ಅಮೆರಿಕನ್ ಹತ್ತಿಯದ್ದು 52, ಹಾಗಾಗಿ ಆ ಗುಣವನ್ನು ದಾಟಿಸುವುದು ಕಷ್ಟ.

ಕರ್ನಾಟಕದಲ್ಲಿ ಉತ್ತರ ಭಾರತದಷ್ಟು ಕಾಟ ಇಲ್ಲ. ಹಾಗಂತ ವೈರಸ್ ಇಲ್ಲ ಅಂತಲ್ಲ, ಇಲ್ಲಿ ಸಿಕ್ಕಿದ್ದಕ್ಕೆ ಬೆಂಗಳೂರಿನ ಹೆಸರೇ ಇದೆ. ಇನ್ನು ಮುಲ್ತಾನ್ ವೈರಸ್ 2006ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಕಂಡಿತು, ಅದೂ ಹತ್ತಿಯಲ್ಲಲ್ಲ, ದಾಸವಾಳದಲ್ಲಿ. ಬೆಂಡೆ, ದಾಸವಾಳ ಎರಡೂ ಹತ್ತಿಯ ಕುಟುಂಬದವೇ. ಹತ್ತಿ ಕಿತ್ತ ಮೇಲೂ ನಂಜು ಅಲ್ಲಿ ಉಳಿದಿರುತ್ತದೆ. ಎಲೆಯ ಮಾದರಿಯನ್ನು ಲ್ಯಾಬಿಗೆ ಕಳಿಸುವವರು ವೈರಸ್ ಪರೀಕ್ಷೆಯೊಂದಕ್ಕೇ ನಿಲ್ಲಬೇಡಿ, ಬೀಟಾಸ್ಯಾಟಲೈಟ್ ಇದೆಯಾ ಅಂತಲೂ ನೋಡಿಸಿ, ಜೊತೆಗೆ ಹೊಲದ ಬದುವಿನ ಬೆಂಡೆ ಎಲೆಯನ್ನೂ ಕಳಿಸಿ.