ಪದ ಪರಿಚಯ: ಸ್ಟ್ರೀಮ್‌ಲೈನಿಂಗ್

ಬಾಹ್ಯಾಕಾಶ ಕಥೆಯ ವಿಡಿಯೋ ಗೇಮ್ ಸರಣಿಯ ಎರಡನೇ ಭಾಗ 'ಮಾಸ್ ಎಫೆಕ್ಟ್ 2' ಒಳ್ಳೆಯ ಗೇಮ್ ಸರಿ, ಆದರೆ ಒಳ್ಳೆಯ ಆರ್‌ಪಿಜಿ (ಪಾತ್ರವಹಿಸುವ ಆಟ) ಹೌದೇ? 2010ರಲ್ಲಿ ಹೊತ್ತಿಕೊಂಡ ಈ ಜಗಳ ಇನ್ನೂ ಆರಿಲ್ಲ. ಅದರಲ್ಲಿ ಎರಡೂ ಬಣಗಳು ಎಸೆದಾಡುವ ಪದ 'ಸ್ಟ್ರೀಮ್‌ಲೈನಿಂಗ್'. ವಿಮಾನದ ಮೈಯನ್ನು ಗಾಳಿ ತಡೆಯದಂತೆ ನಯಗೊಳಿಸುವುದಕ್ಕೆ ಹೇಳುವ ಮಾತಿದು. ಗೇಮಿಗೆ ಬಂದಾಗ, ಆಟಗಾರನ ಕೈ ತಡೆಯುವ ವ್ಯವಸ್ಥೆಗಳನ್ನು ಸವರಿಹಾಕುವುದು ಎಂದರ್ಥ. ಮೆಚ್ಚಿದವರಿಗೆ ಹೊಗಳಿಕೆ, ಮೆಚ್ಚದವರಿಗೆ 'ಗೇಮನ್ನು ದಡ್ಡಗೊಳಿಸಿದರು' ಎಂಬುದರ ಸಭ್ಯ ರೂಪ.

ಗೊಂದಲ ಎಲ್ಲಿದೆಯೆಂದರೆ, ಈ ಒಂದೇ ಪದ ಎರಡು ಬೇರೆ ಕೆಲಸಗಳಿಗೆ ಸಲ್ಲುತ್ತದೆ. ಒಂದು, ಕ್ಲಿಕ್ಕುಗಳನ್ನು ತೆಗೆಯುವುದು. ಇನ್ನೊಂದು, ನಿರ್ಧಾರಗಳನ್ನು ತೆಗೆಯುವುದು. ಮೊದಲನೆಯದು ಜೊಳ್ಳು ತೂರಿದಂತೆ, ಎರಡನೆಯದರಲ್ಲಿ ಕಾಳೂ ಹಾರಿಹೋಗುತ್ತದೆ.

2007ರ ಮೊದಲ ಭಾಗದ ಇನ್ವೆಂಟರಿ, ಅಂದರೆ ಆಟಗಾರ ಹೊತ್ತ ವಸ್ತುಗಳ ಪಟ್ಟಿ, ನೋಡಿ. 150 ವಸ್ತುಗಳ ಮಿತಿ. ಒಂದೇ ಬಂದೂಕಿಗೆ ಹತ್ತು ದರ್ಜೆಗಳವರೆಗೆ. ಮಿತಿ ತುಂಬಿದರೆ ಬೇಡದ್ದನ್ನು ಒಂದೊಂದಾಗಿ ಕರಗಿಸಿ ಓಮ್ನಿ-ಜೆಲ್ ಎಂಬ ಸಾಮಗ್ರಿ ಮಾಡುತ್ತ ಕೂರಬೇಕು. ಆರನೇ ದರ್ಜೆಯದು ಕೈಗೆ ಬಂದ ಮೇಲೆ ಐದನೆಯದನ್ನು ಇಟ್ಟುಕೊಳ್ಳುವವರು ವಿರಳ. ಅಲ್ಲಿ ಆಯ್ಕೆಯೇ ಇರಲಿಲ್ಲ, ಇದ್ದದ್ದು ಗುಮಾಸ್ತಗಿರಿ. ಎರಡನೇ ಭಾಗ ಇದನ್ನು ಪೂರ್ತಿ ಅಳಿಸಿತು. ಆದರೆ ಅದರ ಜೊತೆಗೇ ಬಂದೂಕಿಗೆ ಕೂಡಿಸುವ ಮಾಡ್‌ಗಳೂ ಹೋದವು, ಅವುಗಳಲ್ಲಿ ನಿಜವಾದ ಆಯ್ಕೆಯಿತ್ತು. ನೆಗಡಿ ಬಂತೆಂದು ಮೂಗು ಕೊಯ್ದದ್ದು ಎಂದು ಹಳಬರು ಸಿಟ್ಟಾಗುವುದು ಇಲ್ಲಿ, ಮತ್ತು ಆ ಸಿಟ್ಟು ನ್ಯಾಯವೇ.

ಕೌಶಲ್ಯಗಳ ಕಥೆ ತಿರುಗಾಮುರುಗಾ. ಮೊದಲ ಭಾಗದಲ್ಲಿ ಒಂದೊಂದು ಕೌಶಲ್ಯಕ್ಕೆ 12 ಮೆಟ್ಟಿಲು, ಹೆಚ್ಚಿನವು ಕೆಲವೇ ಶೇಕಡಾ ಏರಿಕೆ. ಎರಡನೆಯದರಲ್ಲಿ 4 ಮೆಟ್ಟಿಲು; ಬೆಲೆ ಕ್ರಮವಾಗಿ 1, 2, 3, 4 ಅಂಕ, ಒಟ್ಟು 10. ಕೊನೆಯ ಮೆಟ್ಟಿಲಲ್ಲಿ ಎರಡು ರೂಪಗಳಲ್ಲಿ ಒಂದನ್ನು ಆರಿಸಬೇಕು. ಎಣಿಕೆ ಇಳಿದರೂ ಪ್ರತಿ ಮೆಟ್ಟಿಲ ತೂಕ ಹೆಚ್ಚಿತು. ಕಾಳಗದಲ್ಲಂತೂ ನಿರ್ಧಾರಗಳು ಬೆಳೆದವು. ಶತ್ರುವಿನ ಒಂದೊಂದು ರಕ್ಷಣಾ ಪದರಕ್ಕೆ ಒಂದೊಂದು ಶಕ್ತಿ: ಶೀಲ್ಡ್‌ಗೆ ಓವರ್‌ಲೋಡ್, ಕವಚಕ್ಕೆ ಇನ್ಸಿನರೇಟ್, ಬ್ಯಾರಿಯರ್‌ಗೆ ವಾರ್ಪ್. ಎಲ್ಲ ಶಕ್ತಿಗಳಿಗೂ ಒಂದೇ ಕೂಲ್‌ಡೌನ್ (ಮತ್ತೆ ಬಳಸುವ ಮುನ್ನ ಕಾಯುವ ಹೊತ್ತು) ಆದ್ದರಿಂದ ತಪ್ಪಾದದ್ದನ್ನು ಎಸೆದರೆ ಉಳಿದವೂ ಕಾಯುತ್ತವೆ. ಸುಲಭ ಮಟ್ಟದಲ್ಲಿ ಆಡಿ 'ಇದು ಬರೀ ಶೂಟರ್' ಎನ್ನುವವರಿಗೆ ಇದು ಗೋಚರಿಸುವುದಿಲ್ಲ. ಹಾರ್ಡ್‌ಕೋರ್, ಇನ್‌ಸ್ಯಾನಿಟಿ ಎಂಬ ಕಠಿಣ ಮಟ್ಟಗಳಲ್ಲಿ ಬಹುತೇಕ ಪ್ರತಿ ಶತ್ರುವಿಗೂ ಒಂದು ರಕ್ಷಣಾ ಪದರ ಇರುತ್ತದೆ.

ನಿಜವಾದ ನಷ್ಟ ಮಾತುಕತೆಯಲ್ಲಾಯಿತು, ಅದರ ಬಗ್ಗೆ ಗಲಾಟೆ ಮಾತ್ರ ಕಡಿಮೆ. ಮೊದಲು ಚಾರ್ಮ್ (ಒಲಿಸುವುದು), ಇಂಟಿಮಿಡೇಟ್ (ಬೆದರಿಸುವುದು) ಕೌಶಲ್ಯಗಳಿಗೆ ಅಂಕ ಸುರಿಯಬೇಕಿತ್ತು, ಅಂದರೆ ಮಾತುಗಾರನಾಗಲು ಕಾಳಗದಲ್ಲಿ ಏನನ್ನೋ ಬಿಟ್ಟುಕೊಡಬೇಕಿತ್ತು. ಎರಡನೆಯದರಲ್ಲಿ ಮಾತಿನ ಬಲ ನೇರವಾಗಿ ಪ್ಯಾರಗಾನ್ (ಮೃದು ನಡೆ), ರೆನಿಗೇಡ್ (ಕಠಿಣ ನಡೆ) ಅಂಕಗಳಿಗೆ ಅಂಟಿತು. ಪರಿಣಾಮ ಸರಳ: ಸಂದರ್ಭ ನೋಡಿ ಒಮ್ಮೆ ಮೃದು, ಒಮ್ಮೆ ಕಠಿಣವಾದವನಿಗೆ ತಂಡದ ಮಿರಾಂಡಾ ಮತ್ತು ಜ್ಯಾಕ್‌ರ ಜಗಳದಲ್ಲಿ ಇಬ್ಬರ ನಿಷ್ಠೆಯನ್ನೂ ಉಳಿಸಿಕೊಳ್ಳುವ ಸಾಲು ಮಸುಕಾಗಿ, ಆರಿಸಲಾಗದಂತೆ ಕಾಣುತ್ತದೆ. ಪಾತ್ರವಹಿಸುವ ಆಟದಲ್ಲಿ ಪಾತ್ರ ವಹಿಸಿದ್ದಕ್ಕೇ ದಂಡ.

ಇನ್ನು, ಬದಲಾದದ್ದೆಲ್ಲ ಸ್ಟ್ರೀಮ್‌ಲೈನಿಂಗ್ ಅಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ತಣಿಯುತ್ತಿದ್ದ ಬಂದೂಕಿಗೆ ಥರ್ಮಲ್ ಕ್ಲಿಪ್ (ಬಿಸಿ ಹೀರುವ ಬಿಡಿಭಾಗ) ಹುಡುಕುವ ಕೆಲಸ ಬಂತು. ಗ್ರಹಗಳ ಮೇಲೆ ಓಡಿಸುತ್ತಿದ್ದ ಮ್ಯಾಕೋ ವಾಹನದ ಜಾಗಕ್ಕೆ ಗ್ರಹಗಳ ಸ್ಕ್ಯಾನಿಂಗ್ ಬಂತು: ಕರ್ಸರ್ ಎಳೆಯುತ್ತ, 30 ಪ್ರೋಬ್ (ಗ್ರಹಕ್ಕೆ ಎಸೆಯುವ ಶೋಧಕ) ಮುಗಿದರೆ ಮತ್ತೆ ಕೊಳ್ಳುತ್ತ. ಹಳೆ ಚಾಕರಿಯ ಬದಲು ಹೊಸ ಚಾಕರಿ.

2012ರ ಮೂರನೇ ಭಾಗ ತಿದ್ದಿಕೊಂಡದ್ದನ್ನು ನೋಡಿದರೆ ಯಾವ ದೂರು ತಲುಪಿತ್ತೆಂದು ತಿಳಿಯುತ್ತದೆ. ಮಾಡ್‌ಗಳು ಮರಳಿದವು. ಮೆಟ್ಟಿಲು 6 ಆಗಿ, ಕೊನೆಯ ಮೂರರಲ್ಲೂ ಕವಲು ಬಂತು. ಹೊತ್ತ ಬಂದೂಕುಗಳ ತೂಕಕ್ಕೆ ತಕ್ಕಂತೆ ಶಕ್ತಿಗಳ ಕೂಲ್‌ಡೌನ್ ಹಿಗ್ಗತೊಡಗಿತು. ಪ್ಯಾರಗಾನ್, ರೆನಿಗೇಡ್ ಎರಡೂ ಕೂಡಿ ರೆಪ್ಯುಟೇಶನ್ ಎಂಬ ಒಂದೇ ಒಟ್ಟು ಅಂಕ ಆದವು. 150 ವಸ್ತುಗಳ ಮೂಟೆಯನ್ನು ಮಾತ್ರ ವಾಪಸ್ ತರಲಿಲ್ಲ.